ಮಿದುಳಿನ ಉರಿಯೂತ ಮತ್ತು ಫಿಟ್ಸ್: ಮಾತ್ರೆ, ಸ್ಟಿರಾಯ್ಡ್, ಐವಿಐಜಿ, ಪಥ್ಯ, ಆಪರೇಷನ್ – ಯಾರಿಗೆ ಯಾವುದು?

ಹೋದ ತಿಂಗಳು ಒಂದು ರಾತ್ರಿ ಒಂಬತ್ತೂವರೆಗೆ, ಡೊಂಬಿವಲಿಯ ನಮ್ಮ ಕಟ್ಟಡದ ಎರಡನೇ ಮಾಳಿಗೆಯಲ್ಲಿರುವ ಬಿಜಾಪುರದ ಕಡೆಯ ಅಕ್ಕ ಬಾಗಿಲು ತಟ್ಟಿದರು. ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಅಂದಾಜು ಖರ್ಚಿನ ಚೀಟಿ. ಇಪ್ಪತ್ತೆರಡು ವರ್ಷದ ಮಗಳು ಐಸಿಯುನಲ್ಲಿದ್ದಳು. "ಮೇಂದೂಲಾ ಸೂಜ್ ಆಲೀ ಆಹೆ, ಮಿದುಳಿಗೆ ಬಾವು ಬಂದೈತಿ ಅಂದ್ರು. ಸ್ಟಿರಾಯ್ಡ್ ಕೊಡೋಣೇನು, ಐವಿಐಜಿ ಕೊಡೋಣೇನು, ನೀವ ಹೇಳ್ರಿ ಅಂತಾರ. ನಾ ಏನ್ ಹೇಳ್ಲಿ ವೈನಿ?" ಐವಿಐಜಿ ಎಂದರೆ ದಾನಿಗಳ ರಕ್ತದಿಂದ ತೆಗೆದ ದುಬಾರಿ ಇಂಜೆಕ್ಷನ್.

ಅದೇ ವಾರ ಪಿಂಪ್ರಿಯಿಂದ ನನ್ನ ಚಿಕ್ಕಪ್ಪನ ಮಗನ ಫೋನು. ಅವನ ಹುಡುಗನಿಗೆ ಒಂಬತ್ತು ವರ್ಷದಿಂದ ಫಿಟ್ಸ್. ಮೂರು ಬಗೆಯ ಮಾತ್ರೆ ನಡೆಯುತ್ತಿದೆ. ಫಿಟ್ಸಿಗೆ ಮಿದುಳಿನ ಉರಿಯೂತವೇ ಕಾರಣ ಎಂದು ಯಾರೋ ಹೇಳಿದ್ದರಂತೆ. "ಅಕ್ಕ, ಹಾಗಾದ್ರೆ ಬಾವು ಇಳಿಸುವ ಇಂಜೆಕ್ಷನ್ ಕೊಟ್ರೆ ಒಮ್ಮೆಗೇ ಹೋಗುದಿಲ್ವಾ?" ಅದಾಗಿ ನಾಲ್ಕು ದಿನಕ್ಕೆ ವಾಸ್ಕೋದ ಹಿರಿಯರೊಬ್ಬರು, ಬಂದರಿನ ಕೆಲಸದಿಂದ ನಿವೃತ್ತರಾದವರು, ತಮ್ಮ ಹೆಂಡತಿಯ ಆಲ್ಝೈಮರ್‌ಗೂ ಅದೇ ಇಂಜೆಕ್ಷನ್ ಆದೀತೇ ಎಂದು ಕೇಳಿದರು.

ಮೂವರ ಬಾಯಲ್ಲೂ ಉರಿಯೂತ ಎಂಬ ಒಂದೇ ಮಾತು. ಮೂವರಿಗೂ ಉತ್ತರ ಬೇರೆ ಬೇರೆ. ಯಾಕೆ ಬೇರೆ ಎಂಬುದು ತಿಳಿದರೆ ಆಯ್ಕೆ ಅರ್ಧ ಮುಗಿದ ಹಾಗೆ. ನಾನು ಡಾಕ್ಟರಲ್ಲ. ಮುಂಬಯಿಯ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ ಫಾರ್ಮಸಿಸ್ಟ್. ಜೊತೆಗೆ, ಈ ರೋಗವನ್ನು ಮನೆಯೊಳಗೇ ಕಂಡವಳು.

ಉರಿಯೂತ: ಒಲೆಯೋ, ಹೊಗೆಯೋ?

ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ ಓರ್ತೆಗಾ ಇವನ್ನು ಮೊದಲು ಬೇರೆಯಾಗಿ ಗುರುತಿಸಿ ಹೆಸರಿಟ್ಟರು. ಗಾಯ, ಸೋಂಕು, ಜೋರಾದ ಫಿಟ್ಸ್ – ಯಾವುದಾದರೂ ಸರಿ, ಈ ಕಾವಲುಗಾರರು ಎದ್ದು ಇಂಟರ್‌ಲ್ಯೂಕಿನ್-1 ಬೀಟಾ, ಟಿಎನ್‌ಎಫ್ ಮುಂತಾದ ರಾಸಾಯನಿಕಗಳನ್ನು ಬಿಡುತ್ತವೆ. ಅವುಗಳಿಂದ ನರಕೋಶಗಳು ಸಣ್ಣ ಕಾರಣಕ್ಕೂ ಉದ್ರೇಕಗೊಳ್ಳುತ್ತವೆ. ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆ ಸಡಿಲವಾಗಿ, ಒಳಗೆ ಬರಬಾರದ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನು ಜಿನುಗುತ್ತದೆ. ಆಗ ಮತ್ತೆ ಫಿಟ್ಸ್, ಅದರಿಂದ ಮತ್ತೆ ಉರಿಯೂತ. ಗಾಣದೆತ್ತಿನ ಹಾಗೆ ಸುತ್ತುವ ಚಕ್ರ ಇದು. ಆದ್ದರಿಂದ ಚಿಕ್ಕಪ್ಪನ ಮಗನಿಗೆ ಯಾರೋ ಹೇಳಿದ್ದು ಪೂರ್ತಿ ಸುಳ್ಳಲ್ಲ.

ಆದರೆ ಚಕ್ರ ಎಲ್ಲಿಂದ ಶುರುವಾಯಿತು ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಕೆಲವರಲ್ಲಿ ಉರಿಯೂತವೇ ಒಲೆ. ದೇಹದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಮಿದುಳಿನ ಮೇಲೆ ಎರಗಿರುತ್ತದೆ. ರೋಗಾಣುವನ್ನು ಹಿಡಿಯಬೇಕಾದ ಆಂಟಿಬಾಡಿ ಎಂಬ ಪ್ರೋಟೀನು ನರಕೋಶದ ಪ್ರೋಟೀನುಗಳಿಗೇ ಅಂಟಿಕೊಳ್ಳುತ್ತದೆ; ಎನ್‌ಎಂಡಿಎ, ಎಲ್‌ಜಿಐ1 ಎಂಬವು ಆ ಗುರಿಗಳ ಹೆಸರು. ಆಗ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜೋಸೆಪ್ ದಾಲ್ಮಾವು ಮತ್ತು ಸಂಗಡಿಗರು 2007ರಲ್ಲಿ ವಿವರಿಸಿದ ಎನ್‌ಎಂಡಿಎ ಆಂಟಿಬಾಡಿಯ ಮಿದುಳುರಿತ ಇಂಥದ್ದು. ಎಲ್‌ಜಿಐ1 ಆಂಟಿಬಾಡಿಯದೂ ಹೀಗೇ. ಇನ್ನು ಕೆಲವರಲ್ಲಿ ಹೊರಗಿನಿಂದ ಬಂದ ಕ್ರಿಮಿ ಉರಿಯೂತ ತರುತ್ತದೆ: ಹರ್ಪಿಸ್ ವೈರಸ್, ಕ್ಷಯ, ಲಾಡಿಹುಳದ ಮೊಟ್ಟೆಯಿಂದಾಗುವ ನ್ಯೂರೋಸಿಸ್ಟಿಸರ್ಕೋಸಿಸ್. ಉಳಿದ ಬಹಳ ಜನರಲ್ಲಿ ಉರಿಯೂತ ಹೊಗೆ ಮಾತ್ರ. ಹಳೆಯ ಗಾಯದ ಕಲೆ, ಹುಟ್ಟಿನಿಂದ ಇರುವ ಮಿದುಳಿನ ದೋಷ, ಆಲ್ಝೈಮರ್, ಪಾರ್ಕಿನ್ಸನ್ ಇವುಗಳ ಜೊತೆಗೆ ಅದೂ ಇರುತ್ತದೆ, ಕಣ್ಣುರಿಸುತ್ತದೆ, ಆದರೆ ಹೊಗೆಗೆ ನೀರು ಹಾಕಿದರೆ ಒಲೆ ಆರುವುದಿಲ್ಲ.

ಅಣ್ಣನ ಗಲ್ಲಾ

ನನ್ನ ದೊಡ್ಡಣ್ಣ ಘಾಟ್ಕೋಪರಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವನು. ಅರವತ್ತೊಂದರ ವಯಸ್ಸಿನಲ್ಲಿ ಒಂದು ದಿನ ಅವನ ಕೈಯಿಂದ ಚಿಲ್ಲರೆ ಬಿದ್ದುಹೋಗತೊಡಗಿತು. ನಾನು ಎದುರಿಗೇ ನಿಂತು ನೋಡಿದೆ. ಬಲಗೈ ಮೊಣಕೈಯಲ್ಲಿ ಮಡಚಿ ಒಮ್ಮೆ ಸೆಳೆಯಿತು, ಅದೇ ಕ್ಷಣ ಬಾಯಿಯ ಬಲತುದಿ ಕಿವಿಯ ಕಡೆಗೆ ಎಳೆದುಕೊಂಡಿತು. ಎರಡು ಸೆಕೆಂಡೂ ಇಲ್ಲ. ಐದು ರೂಪಾಯಿಯ ನಾಣ್ಯಗಳು ಸೋಂಪಿನ ಬಟ್ಟಲಿಗೆ ಬಿದ್ದವು. "ಎಂತ ಇಲ್ಲ ಮಾರಾಯ್ತಿ, ಕೈ ಬೆವರಿ ಜಾರಿತು" ಎಂದ. ಹತ್ತು ನಿಮಿಷಕ್ಕೆ ಮತ್ತೆ. ಒಂದು ದಿನ ಎಣಿಸಿದೆ. ಸಂಜೆಯೊಳಗೆ ನಲವತ್ತು ದಾಟಿತ್ತು.

ಮೊದಲು ತೋರಿಸಿದ ಕಡೆ ಟೆನ್ಶನ್ ಎಂದರು. ಆಮೇಲೆ ಫಿಟ್ಸ್ ಎಂದು ಒಂದು ಮಾತ್ರೆ, ಅದಕ್ಕೆ ಬಗ್ಗದೆ ಎರಡನೆಯದು, ಮೂರನೆಯದು. ಲೆವೆಟಿರಾಸಿಟಾಮ್ ಎಂಬ ಮಾತ್ರೆ ತೆಗೆದುಕೊಂಡ ದಿನಗಳಲ್ಲಿ, ಯಾರಿಗೂ ಏರುದನಿ ಮಾಡದ ಅಣ್ಣ ಹೋಟೆಲಿನ ಹುಡುಗರ ಮೇಲೆ ರೇಗಾಡುತ್ತಿದ್ದ. ಮೂರನೇ ತಿಂಗಳಲ್ಲಿ, ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಅಮ್ಮನ ಊಟ ಆಯಿತಾ ಎಂದು ಕೇಳಿದ. ಅವನ ಮೊದಲ ರಕ್ತಪರೀಕ್ಷೆಯ ಕಾಗದದಲ್ಲೇ ಸೋಡಿಯಂ 126 ಎಂದು ನಕ್ಷತ್ರ ಗುರುತಿನ ಜೊತೆ ಅಚ್ಚಾಗಿತ್ತು. ಆ ಕಾಗದವನ್ನು ನಾನೂ ನೋಡಿದ್ದೆ. ಬೇಸಿಗೆ, ಬೆವರು ಎಂದುಕೊಂಡು ಮಜ್ಜಿಗೆಗೆ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕಿ ಕೊಡಲು ಅತ್ತಿಗೆಗೆ ಹೇಳಿದೆ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮುಖ ಮತ್ತು ಕೈ ಒಟ್ಟಿಗೆ ಸೆಳೆಯುವುದು, ಸೋಡಿಯಂ ಇಳಿಯುವುದು, ನೆನಪು ಜಾರುವುದು – ಮೂರೂ ಸೇರಿದರೆ ಎಲ್‌ಜಿಐ1 ಎಂದು ನರರೋಗ ತಜ್ಞರೊಬ್ಬರು ನಿಮಿಷದಲ್ಲಿ ಹೇಳಿದರು. ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಸ್ಟಿರಾಯ್ಡ್ ಶುರುವಾಗಿ ಎರಡು ವಾರಕ್ಕೆ ಸೆಳೆತ ನಿಂತಿತು. ನೆನಪು ಮಾತ್ರ ಪೂರ್ತಿ ಮರಳಲಿಲ್ಲ.

ಈ ಕಾಯಿಲೆಯ 103 ರೋಗಿಗಳ ಮೇಲೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಆಮೇಲೆ ಓದಿದೆ. ಫಿಟ್ಸ್ ಮಾತ್ರೆಯೊಂದರಿಂದಲೇ ತಿಂಗಳೊಳಗೆ ಸೆಳೆತ ನಿಂತದ್ದು ನೂರಕ್ಕೆ 10 ಜನರಲ್ಲಿ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಚಿಕಿತ್ಸೆ ಕೊಟ್ಟ ಮೇಲೆ 51 ಜನರಲ್ಲಿ. ಬೇಗ ನಿಂತವರಲ್ಲಿ ನೆನಪೂ ಉಳಿಯಿತು. ಅಣ್ಣನಿಗೆ ತಪ್ಪಿಹೋದದ್ದು ಆ ಬೇಗ ಎಂಬುದು.

ಆಯ್ಕೆಗೆ ಮೊದಲು ಅಳತೆಗೋಲು

ಯಾವ ಔಷಧ ಎಂದು ಕೇಳುವ ಮೊದಲು ಡಾಕ್ಟರ ಹತ್ತಿರ ಕೆಲವು ವಿಷಯ ಕೇಳಿ ಬರೆದುಕೊಳ್ಳಿ. ಮೊದಲನೆಯದು, ಉರಿಯೂತವೇ ಕಾರಣ ಎನ್ನಲು ಪುರಾವೆ ಏನು? ಎಂಆರ್‌ಐ, ಇಇಜಿ ಎಂಬ ಮಿದುಳಿನ ವಿದ್ಯುತ್ತಿನ ದಾಖಲೆ, ಬೆನ್ನಿನಿಂದ ತೆಗೆದ ನೀರು, ಆಂಟಿಬಾಡಿ ಪರೀಕ್ಷೆ – ಇವುಗಳಲ್ಲಿ ಯಾವುದು ಹಾಗೆ ಹೇಳುತ್ತಿದೆ? ಎನ್‌ಎಂಡಿಎ ಆಂಟಿಬಾಡಿ ರಕ್ತಕ್ಕಿಂತ ಬೆನ್ನಿನ ನೀರಿನಲ್ಲಿ ಚೆನ್ನಾಗಿ ಸಿಗುತ್ತದೆ. ಎಲ್‌ಜಿಐ1 ರಕ್ತದಲ್ಲೇ ಹೆಚ್ಚು. ಎರಡನ್ನೂ ಒಟ್ಟಿಗೆ ಕಳಿಸಿದರೆ ಒಂದು ಸುತ್ತು ಉಳಿಯುತ್ತದೆ. ಬೆನ್ನಿನಿಂದ ನೀರು ತೆಗೆದರೆ ಕಾಲು ಬೀಳುತ್ತದೆ ಎಂಬ ಹೆದರಿಕೆ ನಮ್ಮವರಲ್ಲಿ ಬಹಳ. ಸೂಜಿ ಹೋಗುವ ಜಾಗದಲ್ಲಿ ಮಿದುಳುಬಳ್ಳಿ ಇರುವುದಿಲ್ಲ, ಅದು ಮೇಲೆಯೇ ಮುಗಿದಿರುತ್ತದೆ. ಕೆಲವರಿಗೆ ಕೆಲವು ದಿನ ತಲೆನೋವು ಬರಬಹುದು.

ಎರಡನೆಯದು, ಸೋಂಕು ಇಲ್ಲವೆಂದು ಖಾತ್ರಿಯಾಗಿದೆಯೇ? ಹರ್ಪಿಸ್ ಅನುಮಾನವಿದ್ದರೆ ಅಸೈಕ್ಲೋವಿರ್ ಎಂಬ ವೈರಸ್ ಔಷಧ ಒಂದು ದಿನವೂ ತಡವಾಗಬಾರದು. ನ್ಯೂರೋಸಿಸ್ಟಿಸರ್ಕೋಸಿಸ್ ನಮ್ಮ ದೇಶದಲ್ಲಿ ಫಿಟ್ಸಿಗೆ ದೊಡ್ಡ ಕಾರಣ. ಹಂದಿಮಾಂಸ ತಿನ್ನದವರಿಗೆ ಬರುವುದಿಲ್ಲ ಎಂಬುದು ತಪ್ಪು. ಮೊಟ್ಟೆಗಳು ತೊಳೆಯದ ಸೊಪ್ಪು, ಕೊಳಕು ನೀರು, ಕೊಳಕು ಕೈಯಿಂದ ಹೊಟ್ಟೆ ಸೇರುತ್ತವೆ. ಇಲ್ಲಿ ಹುಳ ಸಾಯುವಾಗಲೇ ಉರಿಯೂತ ಏಳುವುದರಿಂದ ಆಲ್ಬೆಂಡಾಜೋಲ್ ಜೊತೆ ಸ್ಟಿರಾಯ್ಡ್ ಕೊಡುತ್ತಾರೆ, ಹುಳದ ಔಷಧವನ್ನು ಒಂಟಿಯಾಗಿ ಕೊಡುವುದಿಲ್ಲ. ಇದಕ್ಕೆ ಐವಿಐಜಿಯ ಮಾತೇ ಇಲ್ಲ.

ಮೂರನೆಯದು ದಿನಗಳ ಲೆಕ್ಕ: ಶುರುವಾಗಿ ವಾರವೋ, ವರ್ಷವೋ? ನಾಲ್ಕನೆಯದು ರೋಗಿಯ ಉಳಿದ ದೇಹಸ್ಥಿತಿ: ಸಕ್ಕರೆ, ಹಳೆಯ ಟಿಬಿ, ಹೆಪಟೈಟಿಸ್ ಬಿ, ಕಿಡ್ನಿ, ಬಸಿರಿನ ಯೋಚನೆ. ಕೊನೆಯದು ಕೈಯಲ್ಲಿರುವ ಹಣ ಮತ್ತು ಹಿಂದೆಮುಂದೆ ಓಡಾಡುವ ಜನ. ಹಣದ ಮಾತನ್ನು ಡಾಕ್ಟರ ಮುಂದೆ ಎತ್ತಲು ನಾಚಬೇಡಿ. ಮೊದಲೇ ಹೇಳಿದರೆ ಅವರು ಬೇರೆ ದಾರಿ ತೋರಿಸುತ್ತಾರೆ. ನಡುವೆ ನಿಲ್ಲಿಸಿದ ಚಿಕಿತ್ಸೆಯಿಂದ ಹಣವೂ ಹೋಗುತ್ತದೆ, ಹೊತ್ತೂ ಹೋಗುತ್ತದೆ.

ಫಿಟ್ಸ್ ಮಾತ್ರೆ ಮಾತ್ರ ಸಾಕೇ?

ಬಹಳ ಜನರಿಗೆ ಸಾಕು. ಸರಿಯಾದ ಔಷಧ ಸಿಕ್ಕರೆ ನೂರಕ್ಕೆ 70 ಜನರವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳೆಯ ಔಷಧಗಳು ಜನೌಷಧಿ ಅಂಗಡಿಯಲ್ಲಿ ತೀರ ಅಗ್ಗ. ಇವು ವಿದ್ಯುತ್ತಿನ ಆಟವನ್ನು ತಡೆಯುತ್ತವೆ, ಕಾರಣವನ್ನು ಅಳಿಸುವುದಿಲ್ಲ. ಉರಿಯೂತವೇ ಒಲೆಯಾದವರಿಗೂ ಇವು ಬೇಕು, ಆದರೆ ಇವೇ ಸಾಲವು. ಮದುವೆಯಾಗಿ ಮಕ್ಕಳ ಯೋಚನೆ ಇರುವ ಹೆಣ್ಣುಮಕ್ಕಳು ವ್ಯಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಬಸಿರಾಗುವ ಮೊದಲೇ ಡಾಕ್ಟರನ್ನು ಕಾಣಬೇಕು; ಹೆದರಿ ತಾವಾಗಿ ನಿಲ್ಲಿಸಬಾರದು.

ಸ್ಟಿರಾಯ್ಡ್: ಅಗ್ಗ, ಬೇಗ, ಆದರೆ ಬೆಲೆ ಬೇರೆ ಕಡೆ

ಮೀಥೈಲ್‌ಪ್ರೆಡ್ನಿಸೊಲೋನ್, ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂ, ಸಲೈನಿನಲ್ಲಿ ಬೆರೆಸಿ ಮೂರರಿಂದ ಐದು ದಿನ. ಆಮೇಲೆ ಗುಳಿಗೆ, ತಿಂಗಳುಗಟ್ಟಲೆ, ಸ್ವಲ್ಪಸ್ವಲ್ಪವಾಗಿ ಇಳಿಸುತ್ತ. ಐದು ದಿನದ ಔಷಧದ ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ, ಯಾವ ಆಸ್ಪತ್ರೆಯಲ್ಲೂ ಸಿಗುತ್ತದೆ, ಈ ರಾತ್ರಿಯೇ ಶುರು ಮಾಡಬಹುದು. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಈ ಕೊನೆಯದು.

ತೊಂದರೆಗಳೂ ಸಣ್ಣವಲ್ಲ. ಸಕ್ಕರೆ ಏರುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ, ಮನಸ್ಸು ಕದಡುತ್ತದೆ, ಮುಖ ಊದಿಕೊಳ್ಳುತ್ತದೆ, ಮೂಳೆ ಸವೆಯುತ್ತದೆ. ಮುಂಬಯಿಯಂಥ ಊರಿನಲ್ಲಿ ನಾನು ಹೆಚ್ಚು ಹೆದರುವುದು ಮಲಗಿರುವ ಟಿಬಿ ಏಳುವುದಕ್ಕೆ. ಎದೆಯ ಎಕ್ಸ್‌ರೇ ಮೊದಲೇ ಆಗಬೇಕು. ಇನ್ನೊಂದು, ಔಷಧ ಕೊಡುವ ಕಿಟಕಿಯಲ್ಲಿ ನಾನು ಮತ್ತೆಮತ್ತೆ ಹಿಡಿದದ್ದು: ಫಿಟ್ಸ್ ಮಾತ್ರೆಗಳಾದ ಫೆನಿಟಾಯಿನ್, ಕಾರ್ಬಮಜೆಪೀನ್, ಫಿನೋಬಾರ್ಬಿಟಾಲ್ ತೆಗೆದುಕೊಳ್ಳುವವರ ದೇಹ ಸ್ಟಿರಾಯ್ಡನ್ನು ಬೇಗ ಕರಗಿಸಿಬಿಡುತ್ತದೆ, ಬರೆದ ಡೋಸು ಪೂರ್ತಿ ಕೆಲಸ ಮಾಡುವುದಿಲ್ಲ. ಎಲ್ಲ ಮಾತ್ರೆಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ತೋರಿಸಿ. ಮತ್ತು ಗುಳಿಗೆ ತೀರಿತೆಂದು ಥಟ್ಟನೆ ನಿಲ್ಲಿಸಬೇಡಿ. ಗಣೇಶ ಚೌತಿಗೆ ಊರಿಗೆ ಹೊರಟು ಮತ್ಸ್ಯಗಂಧ ರೈಲಿನಲ್ಲಿ ಕೂತ ಮೇಲೆ ಗುಳಿಗೆ ಮನೆಯಲ್ಲೇ ಉಳಿಯಿತೆಂದು ಫೋನ್ ಮಾಡಿದವರಿದ್ದಾರೆ.

ಪುಟ್ಟ ಕೂಸುಗಳ ವೆಸ್ಟ್ ಸಿಂಡ್ರೋಮ್, ಅಂದರೆ ಮಗು ತಲೆ ಬಗ್ಗಿಸಿ ಕೈ ಚಾಚಿ ಸಾಲುಸಾಲಾಗಿ ಬೆಚ್ಚಿಬೀಳುವ ಫಿಟ್ಸ್, ಇದಕ್ಕೂ ಎಸಿಟಿಎಚ್ ಎಂಬ ಹಾರ್ಮೋನ್ ಇಂಜೆಕ್ಷನ್ ಅಥವಾ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮೊದಲ ಸಾಲಿನ ಔಷಧ. ಎಸಿಟಿಎಚ್ ದುಬಾರಿ, ಸಿಗುವುದೂ ಕಷ್ಟ, ಪ್ರೆಡ್ನಿಸೊಲೋನ್ ಅಗ್ಗ. ಕಾರಣ ಟ್ಯೂಬರಸ್ ಸ್ಕ್ಲಿರೋಸಿಸ್ ಎಂಬ ಹುಟ್ಟುರೋಗವಾದರೆ ವಿಗಾಬಟ್ರಿನ್ ಎಂಬ ಫಿಟ್ಸ್ ಔಷಧ ಮೇಲು. ಇಲ್ಲಿ ದಿನ ಕಳೆದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು. ಹಾಲು ಕುಡಿದು ಬೆಚ್ಚುತ್ತಿದೆ, ದೃಷ್ಟಿ ತಾಗಿದೆ ಎಂದು ಕಾಯಬಾರದು.

ಐವಿಐಜಿ ಮತ್ತು ಪ್ಲಾಸ್ಮಾ ಬದಲಾವಣೆ

ಐವಿಐಜಿ ಎಂದರೆ ಸಾವಿರಾರು ದಾನಿಗಳ ರಕ್ತದಿಂದ ಬೇರ್ಪಡಿಸಿದ ಆಂಟಿಬಾಡಿ. ಪೂರ್ತಿ ಕೋರ್ಸು ಸಾಮಾನ್ಯವಾಗಿ ಕಿಲೋ ತೂಕಕ್ಕೆ 2 ಗ್ರಾಂ, ಐದು ದಿನಗಳಲ್ಲಿ ಹಂಚಿ. 60 ಕಿಲೋ ತೂಗುವವರಿಗೆ 120 ಗ್ರಾಂ, ಅಂದರೆ 5 ಗ್ರಾಮಿನ 24 ಬಾಟಲಿ. ಬಿಲ್ಲು ಲಕ್ಷಗಳಿಗೆ ಏರುವುದು ಹೀಗೆ. ಹೆಚ್ಚಿನ ಬ್ರ್ಯಾಂಡುಗಳ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್ಜಿನಿಂದ ತೆಗೆದು ಹೊರಗಿಟ್ಟರೆ ಗಾಜಿನ ಮೇಲೆ ಹನಿಯೊಡೆಯುತ್ತದೆ, ಆ ಹನಿ ಒಣಗುವ ತನಕ ಕಾಯುತ್ತೇವೆ. ಅಲುಗಾಡಿಸಿದರೆ ನೊರೆ ಬರುತ್ತದೆ, ಅದಕ್ಕೇ ಮಗುವನ್ನೆತ್ತಿದ ಹಾಗೆ ಎತ್ತುವುದು. ಮೊದಲ ಅರ್ಧ ಗಂಟೆ ಹನಿಹನಿಯಾಗಿ, ಆಮೇಲೆ ವೇಗ. ಪ್ರತಿ ಬಾಟಲಿಯ ಬ್ಯಾಚ್ ಚೀಟಿಯನ್ನು ಕೇಸ್ ಪೇಪರಿಗೆ ಅಂಟಿಸಬೇಕು. ಅಂಟಿಸಿದ್ದನ್ನು ಎಣಿಸಲು ಮನೆಯವರಿಗೆ ಹಕ್ಕಿದೆ, ಎಣಿಸಿ.

ಇದರ ಲಾಭ: ಸಕ್ಕರೆ ಏರಿಸುವುದಿಲ್ಲ, ಸೋಂಕಿನ ಅನುಮಾನ ಪೂರ್ತಿ ಹೋಗದಿದ್ದರೂ ಸ್ಟಿರಾಯ್ಡಿನಷ್ಟು ಭಯವಿಲ್ಲ. ಕಷ್ಟ: ತಲೆನೋವು, ಕಿಡ್ನಿಗೆ ಹೊರೆ, ವಯಸ್ಸಾದವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಬಾಟಲಿಯ ಮೇಲಿನ ಎಂಆರ್‌ಪಿಗೂ ಸಗಟು ಬೆಲೆಗೂ ದೊಡ್ಡ ಅಂತರವಿರುತ್ತದೆ. ಭಾರತದಲ್ಲೇ ತಯಾರಾಗುವ ಬ್ರ್ಯಾಂಡುಗಳಿವೆ, ಯಾವುದನ್ನು ಯಾವ ದರಕ್ಕೆ ಕೊಡುತ್ತೀರಿ ಎಂದು ಮೊದಲೇ ಬರೆಸಿಕೊಳ್ಳಿ. ಅಗ್ಗವೆಂದು ಗುರುತಿಲ್ಲದವರಿಂದ, ಐಸ್ ಪೆಟ್ಟಿಗೆ ಇಲ್ಲದೆ ತಂದದ್ದನ್ನು ಮಾತ್ರ ಹಾಕಿಸಬೇಡಿ.

ಪ್ಲಾಸ್ಮಾ ಬದಲಾವಣೆಯಲ್ಲಿ ಕತ್ತಿನ ಅಥವಾ ತೊಡೆಯ ದೊಡ್ಡ ನಾಳಕ್ಕೆ ನಳಿಕೆ ಹಾಕಿ, ಯಂತ್ರದಿಂದ ರಕ್ತದ ನೀರಿನ ಭಾಗ ತೆಗೆದು ಬೇರೆ ತುಂಬುತ್ತಾರೆ. ಸುಮಾರು ಐದು ಸಲ, ಹೆಚ್ಚಾಗಿ ದಿನ ಬಿಟ್ಟು ದಿನ. ಯಂತ್ರ ಮತ್ತು ನುರಿತ ಜನ ಇರುವ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಐವಿಐಜಿಗಿಂತ ಕಡಿಮೆಯಲ್ಲಿ ಆಗುವುದುಂಟು. ರಕ್ತದೊತ್ತಡ ಏರಿಳಿಯುವ ರೋಗಿಗೆ, ಕೈಕಾಲು ಕಟ್ಟಿ ಮಲಗಿಸುವಷ್ಟು ಅರಚಾಡುವ ರೋಗಿಗೆ ಕಷ್ಟ. ಒಂದು ಮಾತು ಮರೆಯಬೇಡಿ: ಎರಡೂ ಬೇಕಾದರೆ ಪ್ಲಾಸ್ಮಾ ಮೊದಲು, ಐವಿಐಜಿ ಆಮೇಲೆ. ಐವಿಐಜಿ ಕೊಟ್ಟು ಮರುದಿನವೇ ಪ್ಲಾಸ್ಮಾ ತೆಗೆದರೆ ಲಕ್ಷದ ಔಷಧ ಚೀಲದ ಪಾಲು.

ಇವೆಲ್ಲಕ್ಕೂ ಬಗ್ಗದಿದ್ದರೆ ರಿಟುಕ್ಸಿಮಾಬ್, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇನ್ನೊಂದು ಇಂಜೆಕ್ಷನ್. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಸ್ವದೇಶಿ ಆವೃತ್ತಿ ತಂದ ಮೇಲೆ ಇದು ಮಧ್ಯಮವರ್ಗದ ಕೈಗೂ ಎಟುಕುವಂತಾಯಿತು. ಹೆಪಟೈಟಿಸ್ ಬಿ ಪರೀಕ್ಷೆ ಇಲ್ಲದೆ ಕೊಡಕೂಡದು. ಫಲ ಕಾಣಲು ವಾರಗಳು ಬೇಕು. ಸೈಕ್ಲೋಫಾಸ್ಫಮೈಡ್ ಇನ್ನೊಂದು ದಾರಿ. ಮುಂದೆ ಮಕ್ಕಳಾಗುವ ಶಕ್ತಿಗೆ ಧಕ್ಕೆ ತರಬಲ್ಲುದರಿಂದ ಚಿಕ್ಕ ವಯಸ್ಸಿನವರಲ್ಲಿ ಯೋಚಿಸಿ ಮುಂದುವರಿಯಬೇಕು.

ಡೊಂಬಿವಲಿಯ ಅಕ್ಕನಿಗೆ ನಾನು ಹೇಳಿದ್ದು ಹೀಗೆ. ಹುಡುಗಿ ಮೊದಲು ಹತ್ತು ದಿನ ಏನೇನೋ ಮಾತಾಡಿದ್ದಳು, ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂದಿದ್ದಳು. ಮೈಮೇಲೆ ಬಂದಿದೆ ಎಂದು ಮನೆಯವರು ತಾಯಿತ ಕಟ್ಟಿಸಿದ್ದರು. ಆಮೇಲೆ ಫಿಟ್ಸ್, ತುಟಿ ನಾಲಗೆಯ ವಿಚಿತ್ರ ಚಲನೆ. ಇದು ಎನ್‌ಎಂಡಿಎ ಇರಬಹುದೆಂದು ಡಾಕ್ಟರರ ಅನುಮಾನ. ಹಾಗಾದರೆ ಬೆನ್ನಿನ ನೀರು ತೆಗೆದು ಕಳಿಸಿ, ಸೋಂಕಿಗೆ ರಕ್ಷಣೆ ಕೊಟ್ಟು, ಸ್ಟಿರಾಯ್ಡ್ ಈ ರಾತ್ರಿಯೇ ಶುರುವಾಗಲಿ, ಹಣ ಕೂಡುವ ತನಕ ಅದು ಕಾಯಬಾರದು. ಐವಿಐಜಿಯೋ ಪ್ಲಾಸ್ಮಾವೋ ಎಂಬುದು ನಾಳೆಯ ಪ್ರಶ್ನೆ. ಹೊಟ್ಟೆಯ ಕೆಳಭಾಗದ ಸ್ಕ್ಯಾನ್ ಮಾಡಿಸಿದ್ದಾರಾ ಕೇಳಿ, ಏಕೆಂದರೆ ಈ ಕಾಯಿಲೆಯ ಹೆಣ್ಣುಮಕ್ಕಳಲ್ಲಿ ಅಂಡಾಶಯದ ಟೆರಟೋಮಾ ಗಡ್ಡೆ ಮೂಲವಾಗಿರುವುದುಂಟು, ಅದನ್ನು ತೆಗೆಯುವುದೇ ಮುಖ್ಯ ಚಿಕಿತ್ಸೆ. ಮತ್ತು ಧೈರ್ಯ ಬಿಡಬೇಡಿ. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ ನೂರಕ್ಕೆ 80ರಷ್ಟು ಜನ ಎರಡು ವರ್ಷದ ಹೊತ್ತಿಗೆ ಚೆನ್ನಾಗಿ ಚೇತರಿಸಿಕೊಂಡಿದ್ದರು. ವಾರದೊಳಗೆ ಏಳಲಿಲ್ಲ ಎಂದು ಮನೆಗೆ ಕರೆದೊಯ್ಯುವ ಕಾಯಿಲೆ ಇದಲ್ಲ.

ಪಿಂಪ್ರಿಯ ಹುಡುಗನಿಗೆ: ಪಥ್ಯ ಮತ್ತು ಆಪರೇಷನ್

ಒಂಬತ್ತು ವರ್ಷ ಹಳೆಯ ಫಿಟ್ಸ್. ಎಂಆರ್‌ಐಯಲ್ಲಿ ಕಿವಿಯ ಮೇಲ್ಭಾಗದ ಒಳಗೆ, ಹಿಪ್ಪೋಕ್ಯಾಂಪಸ್ ಎಂಬಲ್ಲಿ, ಹಳೆಯ ಕಲೆ. ಮಗುವಾಗಿದ್ದಾಗ ಜ್ವರದಲ್ಲಿ ಮುಕ್ಕಾಲು ಗಂಟೆ ಫಿಟ್ಸ್ ಬಂದಿತ್ತು. ಅಂದಿನ ಉರಿಯೂತ ಕಲೆ ಬಿಟ್ಟು ಹೋಗಿದೆ. ಇಂದು ಅಲ್ಲಿರುವುದು ಹೊಗೆ. ಸ್ಟಿರಾಯ್ಡಿನಿಂದ ಕಲೆ ಅಳಿಸುವುದಿಲ್ಲ. ಇಲ್ಲದ ರೋಗಕ್ಕೆ ಐವಿಐಜಿ ಹಾಕಿಸಿ ಹೊಲ ಮಾರುವುದು ಬೇಡ ಎಂದೆ.

ಸರಿಯಾಗಿ ಆರಿಸಿದ ಎರಡು ಔಷಧ ಸಾಕಷ್ಟು ಡೋಸಿನಲ್ಲಿ ಸೋತರೆ ಅದನ್ನು ಔಷಧಕ್ಕೆ ಬಗ್ಗದ ಅಪಸ್ಮಾರ ಎನ್ನುತ್ತಾರೆ. ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟ 2010ರಲ್ಲಿ ಕೊಟ್ಟ ವ್ಯಾಖ್ಯೆ ಇದು. ಆ ಹಂತದಲ್ಲಿ ಮೂರನೇ, ನಾಲ್ಕನೇ ಮಾತ್ರೆಗೆ ಫಿಟ್ಸ್ ಪೂರ್ತಿ ನಿಲ್ಲುವ ಸಾಧ್ಯತೆ ಬಹಳ ಕಡಿಮೆ. ಆಪರೇಷನ್ ಆದೀತೇ ಎಂದು ನೋಡಿಸುವ ಹೊತ್ತು ಅದೇ. ದೆಹಲಿಯ ಏಮ್ಸ್‌ನಲ್ಲಿ 116 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ ಫಿಟ್ಸ್ ಇಲ್ಲದವರು ಆಪರೇಷನ್ ಆದವರಲ್ಲಿ ನೂರಕ್ಕೆ 77, ಔಷಧ ಮಾತ್ರ ಪಡೆದವರಲ್ಲಿ 7. ನಮ್ಮ ದೇಶದ ಮಕ್ಕಳ ಲೆಕ್ಕ ಇದು. ಆಪರೇಷನ್ ಆದವರಲ್ಲಿ ಕೆಲವರಿಗೆ ಒಂದು ಬದಿಯ ಬಲ ಕುಂದುವಂಥ ತೊಂದರೆಗಳೂ ಆದವು. ಮಿದುಳಿನ ಯಾವ ಭಾಗ ಎಂಬುದರ ಮೇಲೆ ಅದು ಹೋಗುತ್ತದೆ. ಹಿಪ್ಪೋಕ್ಯಾಂಪಸ್ ಕಲೆಯ ಆಪರೇಷನ್ ಇದ್ದುದರಲ್ಲಿ ಹೆಚ್ಚು ಪಳಗಿದ್ದು, ಅಲ್ಲಿ ಕೇಳಬೇಕಾದ್ದು ನೆನಪು ಮತ್ತು ಮಾತಿನ ಬಗ್ಗೆ. ಮೊದಲು ಮೂರು ಟೆಸ್ಲಾದ, ಅಂದರೆ ಹೆಚ್ಚು ಶಕ್ತಿಯ, ಎಂಆರ್‌ಐ, ಫಿಟ್ಸಿಗಾಗಿಯೇ ಹೊಂದಿಸಿದ ಬಗೆಯಲ್ಲಿ. ಆಮೇಲೆ ಕೆಲವು ದಿನದ ವಿಡಿಯೋ ಇಇಜಿ. ಇವೆರಡರ ಖರ್ಚು ಮಾಡಿದ ಮೇಲೂ ಆಪರೇಷನ್ ಆಗುವುದಿಲ್ಲ ಎನ್ನಬಹುದು, ಆ ಸಿದ್ಧತೆ ಇರಲಿ.

ಆಪರೇಷನ್ ಆಗದವರಿಗೆ, ಅದರಲ್ಲೂ ಮಕ್ಕಳಿಗೆ, ಕೀಟೋಜೆನಿಕ್ ಪಥ್ಯ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಶುರುವಾದದ್ದು. ದೇಹ ಅನ್ನದ ಬದಲು ಕೊಬ್ಬು ಉರಿಸಿದಾಗ ಹುಟ್ಟುವ ಕೀಟೋನ್ ಉರಿಯೂತದ ಒಂದು ದಾರಿಯನ್ನೂ ತಡೆಯುತ್ತದೆ ಎಂದು ಈಚಿನ ಪ್ರಯೋಗಶಾಲೆಯ ಕೆಲಸ ತೋರಿಸಿದೆ. ಸರಿಯಾಗಿ ನಡೆಸಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಫಿಟ್ಸ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಔಷಧದ ಖರ್ಚಿಲ್ಲ, ಆದರೆ ಅಡುಗೆಮನೆಯ ಖರ್ಚು ಮತ್ತು ಅಮ್ಮನ ದುಡಿಮೆ ದೊಡ್ಡದು. ಸಡಿಲ ರೂಪವಾದ ಪರಿಷ್ಕೃತ ಆಟ್ಕಿನ್ಸ್‌ನಲ್ಲೂ ಮಗುವಿಗೆ ದಿನಕ್ಕೆ 10ರಿಂದ 20 ಗ್ರಾಂ ಪಿಷ್ಟ ಮಾತ್ರ. ಒಂದು ಸಣ್ಣ ಬಟ್ಟಲು ಅನ್ನಕ್ಕೇ ಆ ಲೆಕ್ಕ ಮುಗಿದುಹೋಗುತ್ತದೆ. ಗಂಜಿ, ಇಡ್ಲಿ, ಜೋಳದ ರೊಟ್ಟಿ ಯಾವುದೂ ಇಲ್ಲ. ಕರಾವಳಿಯವರಿಗೆ ಬಂಗುಡೆ, ಮೊಟ್ಟೆ, ತೆಂಗಿನೆಣ್ಣೆ ಇರುವುದರಿಂದ ತುಸು ಸುಲಭ. ಸಸ್ಯಾಹಾರಿಗಳು ಪನೀರು, ಬೆಣ್ಣೆ, ಕೆನೆ, ಶೇಂಗಾದಲ್ಲಿ ಸುಧಾರಿಸಬೇಕು. ಮೂರು ತಿಂಗಳು ಮಾಡಿ ನೋಡಿ, ಫಲವಿಲ್ಲದಿದ್ದರೆ ಬಿಡಬಹುದು. ಡಯಟಿಷಿಯನ್ ಇಲ್ಲದೆ ಮೊಬೈಲ್ ನೋಡಿ ಶುರು ಮಾಡುವುದು ಅಪಾಯ; ಕೆಲವು ಹುಟ್ಟುದೋಷಗಳಲ್ಲಿ ಈ ಪಥ್ಯವೇ ಪ್ರಾಣಕ್ಕೆ ಕುತ್ತು. ಇನ್ನು ಫಾರ್ಮಸಿಸ್ಟಳಾಗಿ ನನ್ನದೊಂದು ಸೇರಿಸುತ್ತೇನೆ: ಸಿರಪ್ಪಿನಲ್ಲಿ ಸಕ್ಕರೆ ಇದೆ. ಅನ್ನ ಬಿಡಿಸಿ, ಕೆಮ್ಮಿಗೆ ಸಿಹಿ ಸಿರಪ್ ಕುಡಿಸಿ, ಪಥ್ಯ ಹಿಡಿಯಲಿಲ್ಲ ಎಂದ ತಾಯಂದಿರನ್ನು ನೋಡಿದ್ದೇನೆ.

ಅರಿಶಿನದ ಹಾಲು ಕುಡಿಯಿರಿ, ಬೇಡವೆನ್ನುವುದಿಲ್ಲ. ಅದರ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಅದನ್ನು ನಂಬಿ ಮಾತ್ರೆ ಬಿಡಬೇಡಿ.

ವಾಸ್ಕೋದ ಹಿರಿಯರಿಗೆ

ಆಲ್ಝೈಮರ್‌ನಲ್ಲಿ ಉರಿಯೂತ ಇರುವುದು ನಿಜ. ಮೈಕ್ರೋಗ್ಲಿಯಾದ ಟ್ರೆಮ್2 ಎಂಬ ವಂಶವಾಹಿಯ ಕೆಲವು ರೂಪಗಳು ಈ ರೋಗದ ಅಪಾಯ ಹೆಚ್ಚಿಸುತ್ತವೆ ಎಂದು 2013ರ ಹೊತ್ತಿಗೆ ಗೊತ್ತಾಯಿತು. ಆದರೆ ಉರಿಯೂತ ಇಳಿಸುವ ಪ್ರೆಡ್ನಿಸೋನ್ ಕೊಟ್ಟು ನೋಡಿದರು, ಪ್ರಯೋಜನ ಆಗಲಿಲ್ಲ. ನೋವಿನ ಮಾತ್ರೆಗಳಾದ ನೆಪ್ರೋಕ್ಸೆನ್, ಸೆಲೆಕಾಕ್ಸಿಬ್ ಕೊಟ್ಟು ತಡೆಯಬಹುದೇ ಎಂದು ನೋಡುತ್ತಿದ್ದ ದೊಡ್ಡ ಪ್ರಯೋಗವನ್ನು ಹೃದಯದ ಆತಂಕದಿಂದ 2004ರಲ್ಲಿ ನಿಲ್ಲಿಸಿದರು; ರೋಗ ತಡೆದ ಗುರುತೂ ಸಿಗಲಿಲ್ಲ. ಆ ಕಾವಲು ಕೋಶಗಳು ಕಸ ಬಳಿಯುವ ಒಳ್ಳೆಯ ಕೆಲಸವನ್ನೂ ಮಾಡುತ್ತವೆ, ಎಲ್ಲವನ್ನೂ ಒಟ್ಟಿಗೆ ಮಲಗಿಸಿದರೆ ಲಾಭವಿಲ್ಲ. ಹಾಗಾಗಿ ಸ್ಟಿರಾಯ್ಡ್, ಐವಿಐಜಿ ಎರಡೂ ಅಮ್ಮನವರಿಗೆ ಬೇಡ ಎಂದೆ.

ಒಂದು ವಿನಾಯಿತಿ ಇದೆ, ಅದನ್ನು ಗಟ್ಟಿಯಾಗಿ ಹೇಳಬೇಕು. ಮರೆವು ವರ್ಷಗಳಲ್ಲದೆ ವಾರ, ತಿಂಗಳುಗಳಲ್ಲಿ ಏರಿದ್ದರೆ, ಜೊತೆಗೆ ಫಿಟ್ಸ್, ಸೆಳೆತ, ಸೋಡಿಯಂ ಇಳಿತ ಇದ್ದರೆ, ಅದನ್ನು ವಯಸ್ಸಿನ ಮರೆವು ಎನ್ನಬೇಡಿ. ನನ್ನ ಅಣ್ಣನದು ಹೀಗೆ ತಿಂಗಳುಗಳಲ್ಲಿ ಏರಿದ್ದೇ ಆಗಿತ್ತು. ಇವರ ಹೆಂಡತಿಯದು ಐದು ವರ್ಷದ ನಿಧಾನದ ಇಳಿಕೆ. ಆದರೂ ಈಚೆಗೆ ಊಟದ ನಡುವೆ ಅರ್ಧ ನಿಮಿಷ ದಿಟ್ಟಿಸಿ ಕೂರುತ್ತಾರೆ, ತುತ್ತು ಬಾಯಲ್ಲೇ ಉಳಿಯುತ್ತದೆ ಎಂದರು. ಆಲ್ಝೈಮರ್ ಇರುವವರಲ್ಲಿ ಅದೇ ವಯಸ್ಸಿನ ಉಳಿದವರಿಗಿಂತ ಫಿಟ್ಸ್ ಹೆಚ್ಚು. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಒಂದು ಇಇಜಿ ಕೇಳಿ, ಅದರಲ್ಲಿ ಏನಾದರೂ ಕಂಡರೆ ಚಿಕ್ಕ ಡೋಸಿನ ಮಾತ್ರೆಯಿಂದ ಅಷ್ಟಾದರೂ ನೆಮ್ಮದಿ ಸಿಕ್ಕೀತು ಎಂದೆ. ಅವರ ಕಿವಿಗೆ ಯಂತ್ರ, ಬಿಪಿ, ಸಕ್ಕರೆಯ ಹತೋಟಿ ಇವುಗಳಿಗೆ ಹಣ ಹೋಗಲಿ.

ಹಣ, ಕಾರ್ಡು, ಆಸ್ಪತ್ರೆ

ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಪರೀಕ್ಷೆಗಳು ಬೇಗ, ಡಿಪಾಸಿಟ್ ದೊಡ್ಡದು. ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲಿನ ನಾಯರ್, ಸಾಯನ್, ಮಕ್ಕಳಿಗೆ ವಾಡಿಯಾ – ಇಲ್ಲಿ ನಿತ್ಯ ಇಂಥ ರೋಗಿಗಳನ್ನು ನೋಡಿದ ಕೈಗಳಿವೆ, ಆದರೆ ಸಾಲು ಉದ್ದ, ಮನೆಯವರೊಬ್ಬರು ಹಗಲಿಡೀ ಓಡಾಡಬೇಕು. ನಡುವಿನ ದಾರಿಯೊಂದು ನಮ್ಮವರಿಗೆ ಗೊತ್ತಿಲ್ಲ. ಬಾಂಬೆ ಹೈಕೋರ್ಟಿನ 2006ರ ಯೋಜನೆಯಂತೆ ಮಹಾರಾಷ್ಟ್ರದ ಧರ್ಮಾದಾಯ ಟ್ರಸ್ಟ್ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆ ಕಡುಬಡವರಿಗೆ ಉಚಿತವಾಗಿ, ಇನ್ನು 10 ಹಾಸಿಗೆ ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ಎಷ್ಟೋ ಹೆಸರುವಾಸಿ ಆಸ್ಪತ್ರೆಗಳು ಟ್ರಸ್ಟಿನವೇ. ಕ್ಯಾಶ್ ಕೌಂಟರಿನಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಸಮಾಜಸೇವಾ ವಿಭಾಗಕ್ಕೆ ಹೋಗಿ, ರೇಷನ್ ಕಾರ್ಡ್ ಮತ್ತು ಆದಾಯದ ದಾಖಲೆ ಕೊಟ್ಟು, ಬರಹದಲ್ಲಿ ಕೇಳಿ.

ಸರ್ಕಾರದ ಉಚಿತ ಚಿಕಿತ್ಸೆಯ ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆಗೆ ಮಹಾರಾಷ್ಟ್ರದ ಕಾಗದ ಬೇಕು. ರೇಷನ್ ಕಾರ್ಡನ್ನು ಇನ್ನೂ ಕಲಬುರ್ಗಿಯಲ್ಲೋ ಕುಂದಾಪುರದಲ್ಲೋ ಇಟ್ಟುಕೊಂಡವರು ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಯಾವ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ ಎಂಬುದನ್ನು ನೆನಪಿಡಿ. ಗೋವಾದಲ್ಲಿ ಐದು ವರ್ಷ ನೆಲೆಸಿದವರಿಗೆ ಅಲ್ಲಿನ ಸರ್ಕಾರದ ಆರೋಗ್ಯವಿಮೆ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗೋಣವೇ ಎಂದು ಬಹಳ ಜನ ಕೇಳುತ್ತಾರೆ. ಹಳೆಯ ಫಿಟ್ಸ್, ಆಪರೇಷನ್ ವಿಚಾರಣೆ ಆದರೆ ಹೋಗಿ, ಕನ್ನಡದಲ್ಲಿ ಎಲ್ಲ ಬಿಡಿಸಿ ಹೇಳಬಹುದು ಎಂಬುದೇ ಅರ್ಧ ಬಲ. ವಾರದಿಂದ ಶುರುವಾದ ಗಲಿಬಿಲಿ, ಫಿಟ್ಸ್ ಆದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಟಿಕೆಟ್ ಹುಡುಕುತ್ತ ಕೂರಬೇಡಿ, ಹತ್ತಿರದ ನರರೋಗ ವಿಭಾಗಕ್ಕೆ ಸೇರಿಸಿ.

ಎಲ್ಲಿಗೆ ಹೋಗುವುದಾದರೂ ಸೆಳೆತದ ವಿಡಿಯೋ ಒಯ್ಯಿರಿ. ಮುಖ ಮತ್ತು ಎರಡೂ ಕೈ ಕಾಣುವಂತೆ, ಬೆಳಕಿನಲ್ಲಿ, ಶುರುವಿನಿಂದ ಕೊನೆಯ ತನಕ. ಬಾಯಿಗೆ ಚಮಚ, ಕೈಗೆ ಕೀಲಿಕೈ ಏನೂ ಕೊಡಬೇಡಿ, ಪಕ್ಕಕ್ಕೆ ಹೊರಳಿಸಿ. ಐದು ನಿಮಿಷ ದಾಟಿದರೆ ವಿಡಿಯೋ ಬಿಟ್ಟು ಆಸ್ಪತ್ರೆಗೆ ಹೊರಡಿ. ಡಾಕ್ಟರು ಮೊದಲೇ ಮಿಡಜೋಲಂ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಅದನ್ನು ಕೊಟ್ಟು ಹೊರಡಿ. ಅಣ್ಣನ ರೋಗ ತಿಳಿದದ್ದೂ ಹೋಟೆಲಿನ ಸಪ್ಲೈಯರ್ ಹುಡುಗ ಗಲ್ಲಾದ ಎದುರು ನಿಂತು ತೆಗೆದ ಹನ್ನೊಂದು ಸೆಕೆಂಡಿನ ವಿಡಿಯೋದಿಂದ. ಆ ತಜ್ಞರು ಅದನ್ನು ಎರಡು ಸಲ ನೋಡಿ, ಸೋಡಿಯಂ ಎಷ್ಟಿದೆ ಎಂದು ಕೇಳಿದರು.